ಬೇಗ ಎಂದು ಕೇಳಿಸಿಕೊಂಡವನು

ಜರ್ಮನಿಯ ಆಲ್ಟೆನ್‌ಬುರ್ಗಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಟ್ರೌಗಾಟ್ ವೆಂಡ್ಲರನಿಗೆ ಹೆಂಡತಿ ತೀರಿಕೊಂಡ ಮೇಲೆ ಕಿವಿಯೂ ಮಂದವಾಗುತ್ತ ಬಂತು. ಅರುವತ್ತು ದಾಟಿದ ಮೇಲೆ ಒಂದು ಈಸ್ಟರ್ ಹಬ್ಬದ ಊಟಕ್ಕೆ ಬಂದಿದ್ದ ಮಾಂಸದಂಗಡಿಯವನ ವಿಧವೆ ಹರ್ಮೀನಳನ್ನು ಎಲ್ಲರೆದುರೇ ಕೇಳಿಬಿಟ್ಟ.

"ನನ್ನ ಮನೆ ತುಂಬ್ತೀರಾ?"

ಆಕೆ ತಟ್ಟೆಯಿಂದ ಕಣ್ಣೆತ್ತದೆ, "ಬೇಡ ಯಜಮಾನ್ರೇ," ಎಂದಳು.

"ಬೇಗಾನಾ?" ಮುದುಕನ ಮುಖ ಅರಳಿತು. "ನಂಗೂ ಕಾಯೋ ವಯಸ್ಸಲ್ಲ ಬಿಡಿ. ಮೇ ತಿಂಗಳಲ್ಲೇ ಇಟ್ಕೊಳ್ಳೋಣ."

ಮಗಳು ಒಟ್ಟೀಲಿಯ ಬಿಡಿಸಿ ಹೇಳುವಷ್ಟರಲ್ಲಿ ಅವನು ಪಾದ್ರಿಯ ಹತ್ತಿರ ಹೋಗಿ ದಿನ ಕೇಳಿಯಾಗಿತ್ತು. ವಿಧವೆಯ ಅಣ್ಣ ಬಂದು ಅಂಗಡಿ ಬಾಗಿಲಲ್ಲಿ ನಿಂತು, ಕಿವುಡನಿಗೂ ಕೇಳುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ, ತಂಗಿಯ ಉತ್ತರವನ್ನು ಒದರಿ ಹೋದ.

ಆ ಊಟದಲ್ಲಿ ಅಳಿಯ ಲೆಬೆರೆಕ್ಟನೂ ಇದ್ದ. ರಾಜರಾಣಿಯರು ಸಾಯುವ ಆಪೆರಾಗಳನ್ನೇ ಬರೆದು ಬರೆದು ಸೋತವನು. ಆ ಚಳಿಗಾಲ ಅವನ ಪಿಯಾನೋದಿಂದ ಕುಣಿಯುವಂಥ ರಾಗಗಳು ಕೇಳಿಬಂದಾಗ ಒಟ್ಟೀಲಿಯಳಿಗೆ ಖುಷಿಯಾಗಿತ್ತು.

"ನಿಮ್ಮಪ್ಪನ ಹಸಿರು ಕೋಟು ಒಂಚೂರು ಕೊಡಿಸೇ. ದರ್ಜಿಗೆ ಅಳತೆ ಬೇಕಂತೆ," ಎಂದ ಒಂದು ದಿನ.

"ಅವರಿಗೆ ಹೊಸದು ಹೊಲಿಸ್ತೀರಾ?"

"ಹಾಗಂತಲೇ ಇಟ್ಕೋ."

ತನ್ನ ಹೊಸ ಆಪೆರಾದ ಮೊದಲ ಪ್ರದರ್ಶನಕ್ಕೆ ಲೆಬೆರೆಕ್ಟ್ ಮಾವನನ್ನೂ ಹೆಂಡತಿಯನ್ನೂ ಮುಂದಿನ ಸಾಲಿನಲ್ಲೇ ಕೂರಿಸಿದ. ಎರಡನೆಯ ಅಂಕದಲ್ಲಿ ಹಸಿರು ಕೋಟಿನ ಮುದುಕನೊಬ್ಬ ರಂಗಕ್ಕೆ ಬಂದು, ಕಿವಿಗೆ ಅಂಗೈ ಹಿಡಿದು ಹಾಡತೊಡಗಿದ. ವಿಧವೆ "ಬೇಡ, ಬೇಡ" ಎಂದಷ್ಟೂ ಅವನು "ಬೇಗ, ಬೇಗ" ಎಂದು ಕುಣಿದ. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿದ್ದ ಟ್ರೌಗಾಟನಿಗೆ ಒಂದು ಸ್ವರವೂ ಕೇಳಲಿಲ್ಲ; ಕೋಟಿನ ಗುರುತು ಮಾತ್ರ ಸಿಕ್ಕಿತು. ತಿರುಗಿ ನೋಡಿದ. ಸಾಲು ಸಾಲಾಗಿ ತೆರೆದ ಬಾಯಿಗಳು, ಎಲ್ಲರ ಕಣ್ಣೂ ತನ್ನ ಮೇಲೆ. ಏನು ಮಾಡಬೇಕೆಂದು ತೋಚದೆ ಅವನೂ ಚಪ್ಪಾಳೆ ತಟ್ಟಿದ.

"ನಿಮಗೆ ನಾಚಿಕೆ ಆಗ್ಲಿಲ್ವಾ?" ಮನೆಗೆ ಬಂದ ಮೇಲೆ ಒಟ್ಟೀಲಿಯ ಗಂಡನನ್ನು ಕೇಳಿದಳು.

"ಅವರಿಗೆ ಕೇಳಿಸ್ಲೇ ಇಲ್ವಲ್ಲೇ."

"ಕಣ್ಣಿಲ್ವಾ ಅವರಿಗೆ?"

"ಜನ ಕೊನೇವರೆಗೂ ಕೂತಿದ್ರು ಕಣೇ," ಎಂದ ಲೆಬೆರೆಕ್ಟ್. "ನನ್ನ ಜನ್ಮದಲ್ಲಿ ಇದೇ ಮೊದಲು."

ಬೀದಿಯಲ್ಲಿ ಟ್ರೌಗಾಟನನ್ನು ಕಂಡವರು ಕಿವಿಗೆ ಅಂಗೈ ಹಿಡಿಯತೊಡಗಿದರು. ಅವನು ಯಾರನ್ನೂ ಬೈಯಲಿಲ್ಲ. ಜನರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವನು ಮುಖ ನೋಡುವುದನ್ನೇ ಬಿಟ್ಟ. ಅಲ್ಲಿಗೆ ಮಗಳ ಮಾತೂ ಅವನನ್ನು ಮುಟ್ಟದಾಯಿತು. ಹಾಗೆಯೇ ಎರಡು ವರ್ಷ ಬದುಕಿ ಸತ್ತ.

ಮುಂದೆ ಲೆಬೆರೆಕ್ಟನೂ ತೀರಿಕೊಂಡ. ಅವನ ರಾಜರಾಣಿಯರನ್ನು ಊರು ಮರೆಯಿತು. ಕಿವುಡ ಮದುಮಗನ ನಾಟಕವನ್ನು ಮರೆಯಲಿಲ್ಲ. ಒಟ್ಟೀಲಿಯ ಮಾತ್ರ ಮತ್ತೆ ಆ ನಾಟಕಕ್ಕೆ ಕಾಲಿಟ್ಟಿರಲಿಲ್ಲ. ಇದೇಕೆ ಸಾಯುವುದಿಲ್ಲ ಎಂದು ನೋಡಲೆಂದೇ, ತಲೆ ನರೆತ ಮೇಲೆ, ಕಾಸೆಲ್ ಊರಿನಲ್ಲಿ ಒಮ್ಮೆ ಹೋಗಿ ಕೂತಳು.

ವಿಧವೆ ಬೇಡ ಎಂದ ಕೂಡಲೇ ವಾದ್ಯಗಳೆಲ್ಲ ನಿಂತವು. ಮುದುಕ ಮುಖ ಮುಂದೆ ಚಾಚಿ ಉತ್ತರಕ್ಕೆ ಕಾದ. ಥೇಟ್ ಅಪ್ಪನೇ. ಮೊದಲ ಸಲ ಸಿಟ್ಟಿನಲ್ಲಿ ಈ ಮೌನ ಅವಳ ಕಿವಿಗೆ ಬಿದ್ದಿರಲಿಲ್ಲ. ಅಪ್ಪನನ್ನು ಇಷ್ಟು ಸರಿಯಾಗಿ ನೋಡಿದ್ದ, ಆ ದುಷ್ಟ ಗಂಡ. "ಬೇಗಾನಾ?" ಎಂದು ಮುದುಕ ಅರಳಿದಾಗ, ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ನಕ್ಕದ್ದು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದಳು.

ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು. "ನಮ್ಮಮ್ಮ ನನ್ನ ಕರ್ಕೊಂಡು ಬರ್ತಿದ್ರು. ಎಷ್ಟು ಸಲ ನೋಡಿದ್ರೂ ಈ ಮುದುಕನ ಮೇಲೆ ಪ್ರೀತಿ ಉಕ್ಕುತ್ತೆ. ಇಂಥೋರು ನಿಜವಾಗ್ಲೂ ಇರ್ಬೇಕಿತ್ತು, ಅಲ್ವಾ?"

"ಇದ್ದಿದ್ರೆ ನಾವು ಬದುಕೋಕೆ ಬಿಡ್ತಿದ್ವಾ," ಎಂದಳು ಒಟ್ಟೀಲಿಯ.

ಆ ಹೆಂಗಸು ಅದಕ್ಕೂ ನಕ್ಕಳು.