ಕಬ್ಬಿನ ಗಾಡಿಗೆ ಕೆಂಪು ದೀಪ

ಕೆಂಪು ಬಿತ್ತು, ಗಾಡಿ ನಿಲ್ಲುವ ಲಕ್ಷಣ ಕಾಣಲಿಲ್ಲ. ಅನಂತರಾಮು ಎರಡೂ ಕೈ ಚಾಚಿ ಎತ್ತುಗಳಿಗೆ ಅಡ್ಡ ನಿಂತ.

"ನಿಲ್ಲಿಸಯ್ಯ! ದೀಪ ಕಾಣಲ್ವೇನು?"

"ಕಾಣ್ತದೆ ಸ್ವಾಮಿ," ಎಂದ ಕಬ್ಬಿನ ಮೇಲೆ ಕೂತಿದ್ದ ಕ್ಯಾತನಹಳ್ಳಿಯ ಚಿಕ್ಕಬೀರಯ್ಯ. "ನಿಂತ್ರೆ ಆಮ್ಯಾಕೆ ಕಬ್ಬು ಕಾಣಾಕಿಲ್ಲ."

ಪಾಂಡವಪುರದ ಆ ಸರ್ಕಲ್ಲಿನಲ್ಲಿ ಮೊದಲು ಒಂದು ಕಬ್ಬಿಣದ ಕಂಬವಿತ್ತು. ತುದಿಯ ಕೆಂಪು, ಹಸಿರು ತಗಡುಗಳನ್ನು ಪೊಲೀಸ್ ಕರಿಯಪ್ಪ ಹಿಡಿಕೆಯಿಂದ ತಿರುಗಿಸುತ್ತಿದ್ದ. ಹಿಡಿಕೆ ತುಕ್ಕು ಹಿಡಿದ ಮೇಲೆ ಅದು ಮೇಲುಕೋಟೆ ರಸ್ತೆಗೆ ಸದಾ ಹಸಿರನ್ನೂ ಸ್ಟೇಷನ್ ರಸ್ತೆಗೆ ಸದಾ ಕೆಂಪನ್ನೂ ತೋರಿಸುತ್ತ ನಿಂತಿತ್ತು. ಯಾರಿಗೂ ತೊಂದರೆಯಾಗಿರಲಿಲ್ಲ.

ಅನಂತರಾಮುವಿಗೆ ಆಗಿತ್ತು. ಇಂಜಿನಿಯರಾಗಿ ಪುರಸಭೆಗೆ ಬಂದ ಮೇಲೆ ಅವನು ಮಾಡಿದ ಒಂದೇ ಕೆಲಸವೆಂದರೆ, ತಾನಾಗಿಯೇ ಬಣ್ಣ ಬದಲಿಸುವ ಕರೆಂಟಿನ ದೀಪ ಹಾಕಿಸಿದ್ದು. ಇವತ್ತು ಅದನ್ನು ನೋಡಲು ಮೈಸೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಮೆಚ್ಚಿದರೆ ಮೈಸೂರಿಗೆ ವರ್ಗ. ತವರಿನಲ್ಲೇ ಕೂತಿದ್ದ ಹೆಂಡತಿ ಇಂದಿರ ಹೇಳಿಬಿಟ್ಟಿದ್ದಳು: "ನೀವು ಮೈಸೂರಿಗೆ ಬನ್ನಿ, ಸಂಸಾರ ಮಾಡೋಣ. ನಾನಂತೂ ಆ ಊರಿಗೆ ಬರಲ್ಲ." ಅವಳನ್ನು ನೆನೆದರೆ ಅವಳ ಮುಖಕ್ಕಿಂತ ಮೊದಲು ಮೈಸೂರಿನ ಅಗಲವಾದ ರಸ್ತೆಗಳು ಕಣ್ಣಿಗೆ ಬರುತ್ತಿದ್ದವು. ಇದು ಸರಿಯಲ್ಲವೆಂದು ಅವನಿಗೆ ಗೊತ್ತಿತ್ತು.

ಊರು ದೀಪವನ್ನು ಮೆಚ್ಚಿತ್ತು. ಗಾಡಿ ನಿಂತರೆ ಸಾಕು, ಬಸ್ಸಿಗೆ ಕಾದವರು, ಸ್ಕೂಲು ಮಕ್ಕಳು, ಬೀದಿ ದನ, ಎಲ್ಲ ಒಟ್ಟಿಗೆ ನುಗ್ಗಿ ಕಬ್ಬು ಎಳೆಯುತ್ತಿದ್ದವು. ಕಡಲೆಕಾಯಿ ಮಾರುವ ಸೋಮಮ್ಮ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟಿದ್ದಳು. ಗಾಡಿಯವರು ಮಾತ್ರ ಕೆಂಪು ಕಂಡೊಡನೆ ಎತ್ತಿನ ಬಾಲ ತಿರುಚುತ್ತಿದ್ದರು.

"ಸಾಹೇಬರು ನೋಡಿ ಹೋಗೋವರೆಗೆ ನಿಲ್ಲಿಸಪ್ಪ. ಕಬ್ಬು ನಾನು ಕಾಯ್ತೀನಿ."

"ನೀವಾ? ದನ ಬಂದ್ರೆ ಇಂಗ್ಲೀಸ್ನಾಗೆ ಬಯ್ತೀರಾ?" ಚಿಕ್ಕಬೀರಯ್ಯ ಕೆಳಗಿಳಿದ. "ಇಂದ್ಗಡೆ ನಾನ್ ನಿಂತ್ಕತೀನಿ. ನೀವು ಮುಂದೆ ಅಗ್ಗ ಇಡ್ಕಳಿ. ಒಸಾ ಎತ್ತು, ಮೋಟ್ರು ಕಂಡ್ರೆ ಬೆದರ್ತವೆ. ಬುಟ್ಬುಟ್ಟೀರಾ ಮತ್ತೆ!" ಬಿಸಿಲಿಗೆಂದು ತನ್ನ ಟವೆಲ್ಲನ್ನೇ ಇಂಜಿನಿಯರ ತಲೆಗೆ ಸುತ್ತಿದ.

ಜೀಪು ಬಂದು ಗಾಡಿಯ ಪಕ್ಕದಲ್ಲೇ ನಿಂತಿತು. ಮೇಲೆ ಕೆಂಪು, ಕೆಳಗೆ ನಿಂತ ಗಾಡಿ. ಸಾಹೇಬರ ಮುಖ ಅರಳಿತು.

"ಭೇಷ್! ಇಲ್ಲಿಯ ಇಂಜಿನಿಯರ್ ಎಲ್ಲಯ್ಯ?"

"ನಾನೇ ಸಾರ್."

ಕೈಮುಗಿಯಲು ಹೋದ, ಎತ್ತು ತಲೆ ಕೊಡವಿ ಹಗ್ಗ ಸುತ್ತಿದ್ದ ಕೈಯನ್ನು ಎಳೆದುಕೊಂಡಿತು. ಸಾಹೇಬರು ಅವನ ಸಹಿಯನ್ನು ನೋಡಿದ್ದರು, ಮುಖವನ್ನಲ್ಲ. ಹೊಟ್ಟೆ ಕುಲುಕುವಂತೆ ನಕ್ಕರು.

"ಈ ಕಡೆ ಜನ ಬಲು ತಮಾಷೆ."

ಅನಂತರಾಮು ಕರಿಯಪ್ಪನತ್ತ ನೋಡಿದ. ಕರಿಯಪ್ಪ ಸೆಟೆದು ಸೆಲ್ಯೂಟು ಹೊಡೆದ. ಬಾಯಿ ತುಂಬ ಕಬ್ಬು.

"ದೀಪ ಸೊಗಸಾಗಿದೆ," ಎಂದರು ಸಾಹೇಬರು ಕರಿಯಪ್ಪನಿಗೆ. "ಇಂಜಿನಿಯರು ಸಿಕ್ಕಿದರೆ ಹೇಳು, ನಾನು ಬಂದ ದಿನವೇ ನಾಪತ್ತೆ ಆಗೋರಿಗೆ ಮೈಸೂರು ಯಾಕಂತೆ?"

ಡ್ರೈವರು ಕೈಚಾಚಿ ಒಂದು ತಬ್ಬು ಕಬ್ಬು ಎಳೆದು ಹಿಂದಿನ ಸೀಟಿಗೆ ಹಾಕಿದ. ಕೆಂಪು ದೀಪದ ಕೆಳಗೇ ಜೀಪು ಹೊರಟುಹೋಯಿತು.

"ಮಡಗ್ಲಾ ಕಬ್ಬ! ಲೇ, ಮಡಗ್ಲಾ!" ಚಿಕ್ಕಬೀರಯ್ಯ ಜೀಪಿನ ಹಿಂದೆ ಓಡಿದ. ತಿರುವಿನಲ್ಲಿ ಮೊದಲು ಜೀಪು, ಆಮೇಲೆ ಅವನು ಮರೆಯಾದ.

ಈಗ ಹಿಂದೆ ಕಾಯುವವರಿರಲಿಲ್ಲ. ಊರು ಅವಸರವಿಲ್ಲದೆ ಗಾಡಿಯತ್ತ ನಡೆದು ಬಂತು.

ಹಸಿರು ಬಿತ್ತು. ಹಿಂದೆ ನಿಂತ ಬಸ್ಸು ಹಾರ್ನ್ ಬಾರಿಸಿತು. "ಒಡೀಲಾ ಗಾಡಿಯ, ನಿದ್ದೆ ಮಾಡ್ತಿದ್ದೀಯೇನ್ಲಾ?" ಎಂದು ಯಾರೋ ಅನಂತರಾಮುವಿಗೇ ಕೂಗಿದರು.

ಎತ್ತಿಗೆ ಏನು ಹೇಳಬೇಕೋ ಅವನಿಗೆ ತಿಳಿಯಲಿಲ್ಲ. ಹಗ್ಗ ಬಿಟ್ಟು ಹೋಗಬಹುದಿತ್ತು, ಅದು ಹೊಳೆಯಲಿಲ್ಲ.

"ಹೊರಡಿ," ಎಂದ.

ಎತ್ತುಗಳು ಮೆಲುಕು ಹಾಕುತ್ತ ಅವನ ಮುಖ ನೋಡಿದವು.

ಮತ್ತೆ ಕೆಂಪು. ಹಿಂದಿನಿಂದ ಕಬ್ಬು ಕರಗಿದಂತೆಲ್ಲ ಭಾರವೆಲ್ಲ ಮುಂದಕ್ಕೆ ವಾಲಿ ನೊಗ ಕತ್ತಿನ ಮೇಲೆ ಕುಸಿಯಿತು. ಮೊದಲು ಒಂದು ಎತ್ತು, ಆಮೇಲೆ ಇನ್ನೊಂದು, ಮೊಣಕಾಲೂರಿದವು. ಮುಷ್ಟಿಗೆ ಸುತ್ತಿಕೊಂಡಿದ್ದ ಹಗ್ಗ ಬಿಗಿಯಿತು. ಅನಂತರಾಮುವೂ ಅವುಗಳ ಜೊತೆ ಬಗ್ಗಿದ. ನಡುರಸ್ತೆಯಲ್ಲಿ ಮೂರು ತಲೆಗಳು ಒಂದೇ ಮಟ್ಟದಲ್ಲಿದ್ದವು. ಮೇಲೆ ದೀಪ ಅಚ್ಚುಕಟ್ಟಾಗಿ ಹಸಿರಾಯಿತು.