ಮಣ್ಣು ಕಾಣದ ಶೂ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಒಂದೇ ಲೋಟ ಕಾಫಿ ಮಾಡಿಕೊಂಡೆ. ಹಾಲ್‌ನಲ್ಲಿ ಅವನ ಬೆಟ್ಟ ಇಳಿಯುವ ಸೈಕಲ್, ಪಕ್ಕದಲ್ಲಿ ಅವನ ಗೆಳೆಯನ ಶೂ. ಹಿಡಿತಕ್ಕೆ ಸಣ್ಣ ಮೊಳೆಗಳಿರುವ ಅದರ ಚಪ್ಪಟೆ ಪೆಡಲ್‌ಗೆ ಎಂಥ ಶೂ ಕೊಳ್ಳಬೇಕೆಂದು ತಿಳಿಯಲು ಒಂದು ದಿನಕ್ಕೆಂದು ತಂದು ಎಂಟು ತಿಂಗಳಾಗಿತ್ತು. ಅಟ್ಟೆ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎಂದು ಹನ್ನೊಂದು ಪುಟ ಟಿಪ್ಪಣಿ ಬರೆದ. ದಿನಾ ಆ ಶೂ ಹಾಕಿ, ಗೋಡೆ ಹಿಡಿದು ಪೆಡಲ್ ಮೇಲೆ ನಿಲ್ಲುತ್ತಿದ್ದ. ಬೆಟ್ಟಕ್ಕೆ ಹೋಗಲೇ ಇಲ್ಲ; ಗೆಳೆಯನ ಮುಂದೆ ಬಾಯಿಮಾತಲ್ಲಿ ಮಾತ್ರ ಮೂರು ಬೆಟ್ಟ ಇಳಿದಿದ್ದ.

ಸತ್ತವನ ಬಡಾಯಿ ಬಯಲಾಗಬಾರದೆಂದು, ಗೆಳೆಯನ ಮನೆಗೆ ಹೋಗಿ ಶೂ ಕೊಟ್ಟ ತಕ್ಷಣ ಹೊರಡುವವಳಿದ್ದೆ. ಗೆಳೆಯ ಅದನ್ನು ತಿರುಗಿಸಿ ನೋಡಿದ. ಅಟ್ಟೆಯ ತುಂಬ ಪೆಡಲ್ ಮೊಳೆಗಳ ಗುರುತು.

"ಭೂಪ, ಹೇಗೆ ತುಳ್ದಿದಾನೆ ನೋಡಿ ಅತ್ತಿಗೆ! ಆದ್ರೆ ಒಂದು ಚೂರೂ ಮಣ್ಣಿಲ್ವಲ್ಲ?"

"ನಾನೇ ತೊಳ್ದೆ," ಎಂದೆ.