ಅಸಲಿಗೆ ಅರಗು, ನಕಲಿಗೆ ಮೆರವಣಿಗೆ

ನಾನು ಹುಟ್ಟುವಾಗ ಸುತ್ತ ಒಂದು ಕಣ ಧೂಳೂ ಇರಲಿಲ್ಲ. ಮುಖಕ್ಕೆ ಬಟ್ಟೆ, ಕೈಗೆ ಗವಸು ಹಾಕಿಕೊಂಡವರು ದೇವರ ಮಡಿಗಿಂತ ಹೆಚ್ಚಿನ ಮಡಿಯಲ್ಲಿ ನನ್ನನ್ನು ಜೋಡಿಸಿದರು. ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ದೇಹ, ಹೊಟ್ಟೆಯಲ್ಲಿ ತಿರುಗುವ ತಟ್ಟೆ, ಬರೆದದ್ದನ್ನು ಮರೆಯದ ಸ್ವಭಾವ. ಇಷ್ಟು ಮಡಿಯಲ್ಲಿ ಹುಟ್ಟಿದ ಮೇಲೆ ಸ್ವಲ್ಪ ಜಂಬ ಬಂದಿದ್ದರೆ ಅದು ನನ್ನ ತಪ್ಪಲ್ಲ.

ನಾನಿದ್ದ ಕಂಪ್ಯೂಟರನ್ನು ಕೊಂಡವಳು ಮಹಾನಂದಾ ಬಣಕಾರ. ತಾಲೂಕು ಕಚೇರಿಯ ಎದುರು ಅವಳ ಟೈಪಿಂಗ್, ಝೆರಾಕ್ಸ್ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಊರಿನ ಗುಟ್ಟೆಲ್ಲ ನನ್ನ ಹೊಟ್ಟೆಯಲ್ಲಿ. "ಅಕ್ಕಾರ, ಲಗೂ ಮಾಡ್ರಿ, ಸಾಹೇಬ್ರು ಊಟಕ್ಕ ಏಳ್ತಾರ" ಎಂದು ಜನ ಅವಸರಿಸಿದರೆ, "ಏಳಾಕ ಮೊದಲು ಕುಂತಿರಬೇಕಲ್ಲೋ, ಬೆಳಗಿಂದ ಕುರ್ಚಿ ಖಾಲಿ ಐತಿ" ಎನ್ನುವಳು. ಆ ಏಳು ವರ್ಷ ನನಗೆ ಸವತಿಯೇ ಇರಲಿಲ್ಲ.

ಒಂದು ಮಾರ್ಚ್ ಹತ್ತರಂದು ಗಿರಾಕಿಯೊಬ್ಬ ಪೆನ್‌ಡ್ರೈವಿನಲ್ಲಿ ಶಾಲೆಯ ಪ್ರಮಾಣಪತ್ರ ತಂದ. ಆಕೆ ಅದನ್ನು ನನ್ನೊಳಗೆ ಇಳಿಸಿಕೊಂಡು, ಒಂದಕ್ಷರ ಮುಟ್ಟದೆ ಪ್ರಿಂಟ್ ತೆಗೆದುಕೊಟ್ಟಳು. ಹುಟ್ಟಿದ ವರ್ಷ ತಿದ್ದಿದ್ದ ಸುಳ್ಳು ಪತ್ರ ಅದು. ಸಂಗತಿ ಹೊರಬಿದ್ದಾಗ ಗಿರಾಕಿ ನಾಪತ್ತೆ, ತಿದ್ದಿದ ಆರೋಪ ಮಹಾನಂದಾ ತಲೆಗೆ. ಹದಿನಾಲ್ಕನೇ ತಾರೀಖು ಬೆಳಗ್ಗೆ ಹನ್ನೊಂದಕ್ಕೆ ಪೊಲೀಸರು ಪಂಚರ ಎದುರು ಕಂಪ್ಯೂಟರ್ ಜಪ್ತಿ ಮಾಡಿದರು.

ಅಂದು ಠಾಣೆಯ ಕಂಪ್ಯೂಟರ್ ಕೆಟ್ಟಿತ್ತು. ಹೆಡ್ ಕಾನ್‌ಸ್ಟೆಬಲ್ ನೂರಂದಪ್ಪನವರು ಕೆಲಸ ನಿಲ್ಲಿಸುವ ಪೈಕಿ ಅಲ್ಲ. ನನ್ನನ್ನೇ ಚಾಲೂ ಮಾಡಿ, ನನ್ನ ಜಪ್ತಿಯ ಪಂಚನಾಮೆಯನ್ನು ನನ್ನೊಳಗೇ ಟೈಪು ಮಾಡಿದರು! ಅದಕ್ಕೂ ಮುಂಚೆ ಕುತೂಹಲಕ್ಕೆ ಆ ಪ್ರಮಾಣಪತ್ರವನ್ನು ತೆರೆದು ನೋಡಿ, ಮುಚ್ಚುವಾಗ ಕಂಪ್ಯೂಟರ್ 'ಉಳಿಸಲೇ?' ಎಂದು ಕೇಳಿದ್ದಕ್ಕೆ ಧಾರಾಳವಾಗಿ ಹೌದೆಂದರು. ಆಮೇಲೆ ನನ್ನನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿದರು.

ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ತಜ್ಞೆ ಜಬೀನಾ ಮುಲ್ಲಾ ಮುದ್ರೆ ಒಡೆದಾಗ, ಇನ್ನು ನನ್ನ ಮಾತು ಕೇಳುತ್ತಾರೆ ಎಂದುಕೊಂಡೆ. ಎಲ್ಲಿ! ಹೊಸ ಡಿಸ್ಕೊಂದನ್ನು ಪಕ್ಕಕ್ಕೆ ತಂದಿಟ್ಟು, ನನ್ನಲ್ಲಿದ್ದುದನ್ನು ಒಂದು ಚುಕ್ಕಿ ಬಿಡದೆ ಅದಕ್ಕೆ ಇಳಿಸಿ, ನನ್ನನ್ನು ಮತ್ತೆ ಬಟ್ಟೆಗೆ ಸುತ್ತಿದರು. ಪರೀಕ್ಷೆಯೆಲ್ಲ ನಕಲಿನ ಮೇಲಂತೆ, ಅಸಲನ್ನು ಮುಟ್ಟಬಾರದಂತೆ. ನನ್ನ ಏಳು ವರ್ಷದ ಸಂಸಾರವನ್ನು ಆ ನಿನ್ನೆ ಮೊನ್ನೆಯ ಕೂಸು ಮೂರು ಗಂಟೆಯಲ್ಲಿ ನುಂಗಿತು. ನನಗೆ ಉಳಿದದ್ದು ಹೊಟ್ಟೆಕಿಚ್ಚು ಮಾತ್ರ.

ನ್ಯಾಯಾಲಯದಲ್ಲೂ ಅದೇ. ನಾನು ಜಪ್ತಿಯಾದ ಸಾಕ್ಷಿವಸ್ತುವಿಗೆ ಅಂಟಿಸುವ 'ಮುದ್ದೆಮಾಲು' ಎಂಬ ಚೀಟಿ ಹೊತ್ತು ಮೇಜಿನ ಮೂಲೆಯಲ್ಲಿ. ನಕಲು ಲ್ಯಾಪ್‌ಟಾಪಿಗೆ ಅಂಟಿಕೊಂಡು ಪರದೆಯ ಮೇಲೆ ಮದುಮಗಳ ಹಾಗೆ ಮೆರೆಯುತ್ತಿತ್ತು.

"ಪೊಲೀಸರು ಬರುವ ಸುಳಿವು ಸಿಕ್ಕ ಕೂಡಲೇ, ಹದಿನಾಲ್ಕರಂದು, ಈಕೆ ಆ ಕಡತವನ್ನು ತಿದ್ದಿದ್ದಾಳೆ ಸ್ವಾಮಿ. ತಪ್ಪಿಲ್ಲದವಳು ಯಾಕೆ ತಿದ್ದುತ್ತಿದ್ದಳು?" ಎಂದರು ಸರ್ಕಾರಿ ವಕೀಲರು. ಆಕೆಯ ವಿರುದ್ಧ ಇದ್ದದ್ದು ಆ ಒಂದು ತಾರೀಖು. ಅದು ನಿಂತರೆ ಜೈಲು.

ನ್ಯಾಯಾಧೀಶರು ಜಬೀನಾ ಕಡೆ ತಿರುಗಿದರು. "ಅಸಲು ಇಲ್ಲೇ ಇರುವಾಗ ನಕಲನ್ನು ನಾನು ಯಾಕಮ್ಮಾ ನಂಬಬೇಕು?"

ಆಹಾ! ಆ ಮಾತಿಗೆ ನನ್ನ ಮೇಲಿನ ಅರಗು ಕರಗದೆ ಉಳಿದದ್ದೇ ಹೆಚ್ಚು.

"ದೊಡ್ಡ ಚುಕ್ಕಿ ರಂಗೋಲಿ ಅಂದುಕೊಳ್ಳಿ ಸ್ವಾಮಿ," ಎಂದರು ಜಬೀನಾ. "ಎಲ್ಲ ಚುಕ್ಕಿಗಳನ್ನೂ ಸೇರಿಸಿ ಲೆಕ್ಕ ಮಾಡಿದರೆ ಒಂದು ಉದ್ದದ ಗುರುತು ಬರುತ್ತದೆ. ಒಂದೇ ಚುಕ್ಕಿ ಸರಿದರೂ ಗುರುತು ಪೂರ್ತಿ ಬೇರೆ. ಇಲ್ಲಿ ಅಸಲು, ನಕಲು ಎರಡರದ್ದೂ ಒಂದೇ ಗುರುತು. ಅಸಲನ್ನು ಸುಮ್ಮನೆ ಚಾಲೂ ಮಾಡಿದರೂ ಚುಕ್ಕಿ ಸರಿಯುತ್ತದೆ. ಅದಕ್ಕೇ ಮುಟ್ಟುವುದಿಲ್ಲ."

"ಹಾಗಾದರೆ ಇದನ್ನು ಯಾರೂ ಮುಟ್ಟಿಲ್ಲ?"

"ಮುಟ್ಟಿದ್ದಾರೆ ಸ್ವಾಮಿ. ಜಪ್ತಿಯಾದದ್ದು ಬೆಳಗ್ಗೆ ಹನ್ನೊಂದಕ್ಕೆ. ಪ್ರಮಾಣಪತ್ರವನ್ನು ಮತ್ತೆ ಉಳಿಸಿದ್ದು ಸಂಜೆ ನಾಲ್ಕು ಹತ್ತಕ್ಕೆ. ನಾಲ್ಕೂವರೆಗೆ ಇದೊಂದು ಹೊಸ ಕಡತ ಹುಟ್ಟಿದೆ."

ಪರದೆಯ ಮೇಲೆ ಜಪ್ತಿ ಪಂಚನಾಮೆ ಮೂಡಿತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ರೀ ನೂರಂದಪ್ಪ, ಈ ಕಂಪ್ಯೂಟರು ತನ್ನ ಪಂಚನಾಮೆ ತಾನೇ ಬರೆದುಕೊಂಡಿತೇ?"

"ಠಾಣೇದು ಕೆಟ್ಟಿತ್ರಿ ಸಾಹೇಬ್ರ... ಕೈಯಾಗ ಒಂದು ಚಲೋದು ಇತ್ತಲ್ರಿ, ಸುಮ್ನ ಯಾಕ ಬಿಡೂದಂತ..."

ಇಡೀ ನ್ಯಾಯಾಲಯ ನಕ್ಕಿತು, ಮಹಾನಂದಾ ಒಬ್ಬಳನ್ನು ಬಿಟ್ಟು. ಆಕೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ಆಕೆಗೆ ಬಿಡುಗಡೆಯಾದ ದಿನ ಗುಮಾಸ್ತರು ನನ್ನನ್ನು ಮುಂದೆ ಚಾಚಿದರು. "ತಗೊಳ್ಳಿ, ನಿಮ್ಮದು."

"ಬ್ಯಾಡ್ರೀ ಯಪ್ಪಾ! ಅದು ನಮ್ಮ ಹೊಸ್ತಿಲ ದಾಟೂದು ಬ್ಯಾಡ." ಮರುಕ್ಷಣ ಜಬೀನಾ ಕಡೆ ತಿರುಗಿ ದನಿ ತಗ್ಗಿಸಿದಳು. "ಮೇಡಂ, ನಿಮ್ಮ ಆ ಡಿಸ್ಕ್ ನನ್ನ ಉಳಿಸ್ತು ನೋಡ್ರಿ. ಅದರಾಗ ನಮ್ಮವ್ವನ ಕಡೀ ಫೋಟೋ ಐತಿ. ಅಷ್ಟು ತೆಗೆದು ಕೊಡ್ತೀರೇನ್ರಿ?"

ಕೋರ್ಟಿನ ಅನುಮತಿ ಪಡೆದು ನಕಲಿನಿಂದ ಫೋಟೋ ತೆಗೆದುಕೊಟ್ಟರು. ನಾನು ಮುದ್ದೆಮಾಲು ಕೋಣೆಯ ಮೇಲಿನ ಹಲಗೆ ಸೇರಿದೆ.

ಅರಗು ಬಿದ್ದ ಮೇಲೆ ಯಾರೂ ನನ್ನೊಳಗಿನ ಚುಕ್ಕಿ ಮುಟ್ಟದೆ ಇದ್ದುದರಿಂದಲೇ ನಕಲಿನ ಮಾತು ನಿಂತಿತು, ಆಕೆ ಉಳಿದಳು. ಇಷ್ಟು ತಿಳಿಯದ ದಡ್ಡ ನಾನಲ್ಲ. ಆದರೂ ಅವ್ವನ ಫೋಟೋ ಕೇಳುವಾಗ ಆಕೆ ಒಂದೇ ಒಂದು ಸಲ ನನ್ನ ಕಡೆ ನೋಡಿದ್ದರೆ, ನಾನು ಇಷ್ಟುದ್ದ ಕಥೆ ಹೇಳುತ್ತಿರಲಿಲ್ಲ.